ಅಪ್ಪ ಬರುತ್ತಿದ್ದ ಚಾನೆಲ್

ನಮ್ಮ ಓಣಿಯ ಸತ್ತವರೆಲ್ಲ ದಿನಾ ಸಂಜೆ ಕೇಬಲ್ ಟೀವಿಯ ಒಂದೇ ಚಾನೆಲ್‌ನಲ್ಲಿ ಮಾತಾಡಲು ಬರುತ್ತಿದ್ದರು. ನನ್ನಪ್ಪ ನೀಲಪ್ಪ ಬಂದ ಕೂಡಲೇ, "ಲೇ ಹಾಲೇಶಿ, ನಿಮ್ಮವ್ವ ಉಂಡ್ಲೇನೋ?" ಅಂತ ಗದರುತ್ತಿದ್ದ. ಪಕ್ಕದ ಮನೆಯ ಸತ್ತ ಅಜ್ಜಿ ನಡುವೆ ಬಾಯಿ ಹಾಕುತ್ತಿದ್ದಳು.

"ಕೇಬಲ್ ಕೀಳಿಸಿ ಆ್ಯಪ್ ಹಾಕಿಸಿ, ನಿಮ್ಮಪ್ಪ ನಿಮಗಷ್ಟೇ" ಎಂದು ಆ್ಯಪ್ ಕಂಪನಿಯವರು ನಂಬಿಸಿದರು. ಕೇಬಲ್ ಕೀಳಿಸಿದೆ. ಆಮೇಲೆ ಅಪ್ಪನ ಮುಖಕ್ಕೊಂದು ಪ್ಯಾಕ್, ದನಿಗೊಂದು ಪ್ಯಾಕ್ ಅಂದರು. ಹಾಳಾಗಲಿ ಅಂತ ಎರಡಕ್ಕೂ ದುಡ್ಡು ಕಟ್ಟಿದೆ.

ಇವತ್ತು ಅವ್ವ ತಲೆ ಬಾಚಿಕೊಂಡು ಟೀವಿ ಮುಂದೆ ಕೂತಳು. ಅಪ್ಪ ಬಂದು ಕೈ ಮುಗಿದ.

"ಮಾನ್ಯ ಗ್ರಾಹಕರೇ, ನನ್ನೊಂದಿಗೆ ಮಾತು ಮುಂದುವರಿಸಲು ದೊಡ್ಡ ಪ್ಯಾಕ್ ಖರೀದಿಸಿ."

ಅವ್ವ ಎದ್ದಳು. "ಆರಿಸೋ ಅದನ್ನ. ನಿಮ್ಮಪ್ಪ ನನಗೆ ಯಾವತ್ತು ಕೈ ಮುಗಿದಿದ್ದ?"

ಆರಿಸಿದೆ. ಗೋಡೆಯಾಚೆಯ ಕೇಬಲ್‌ನಲ್ಲಿ ಆ ಅಜ್ಜಿ ಕೇಳುತ್ತಿದ್ದಳು: "ನೀಲಪ್ಪನ್ನ ಎಲ್ಲಿಗೆ ಕಳಿಸಿಬಿಟ್ರೇ?"