ಒಂದು ಮಧ್ಯಾಹ್ನದ ಕೆಲಸ

"ಅಕ್ಕ, ನೀವೂ ಹತ್ತಿ. ಮನೆಯವರೇ ಕೂತು ತೋರಿಸಿದ್ರೆ ಕೊಳ್ಳೋನಿಗೂ ಧೈರ್ಯ" ಎಂದು ದೋಣಿ ಕೊಳ್ಳಲು ಬಂದಿದ್ದ ಔಷಧಿ ಅಂಗಡಿಯವನು ಹೇಳಿದಾಗ ಪ್ಲಂಬರು ಪೇಚಿಗೆ ಸಿಕ್ಕಿಬಿದ್ದ. ಕೆರೆಯಲ್ಲಿ ಒಂದು ಸುತ್ತು ಹಾಕಿಸಿ ದೋಣಿ ಮಾರಿಬಿಡೋಣ ಎಂದುಕೊಂಡಿದ್ದವನು, ಹೆಂಡತಿ ಊಟದ ಡಬ್ಬಿ ಹಿಡಿದು ದಡಕ್ಕೆ ಬಂದು ನಿಲ್ಲುತ್ತಾಳೆಂದು ಎಣಿಸಿರಲಿಲ್ಲ.

ಒಂದು ವಾರದಿಂದ ಅವನು ಆ ಹಳೆಯ ದೋಣಿಗೆ ಮದುಮಗಳ ಉಪಚಾರ ಮಾಡಿದ್ದ. ದಡಕ್ಕೆಳೆದು ಬೋರಲು ಹಾಕಿ, ಪಾಚಿ ಕೆರೆದು, ಉಜ್ಜಿ, ನೀಲಿ ಬಣ್ಣ ಬಳಿದು ಫೋಟೊ ತೆಗೆದು, 'ಮನೆಮಂದಿ ಮಾತ್ರ ಬಳಸಿದ್ದು, ಹೊಸದರಂತಿದೆ' ಎಂದು ಫೋನಿನಲ್ಲಿ ಊರಿಗೆಲ್ಲ ಸಾರಿದ್ದ. ಇದು ಹೋದರೆ ಮೋಟಾರಿನ ದೋಣಿ ಬರುತ್ತದೆ. ಅದಕ್ಕೆ ಮುಂಗಡವನ್ನೂ ಕೊಟ್ಟಾಗಿತ್ತು. ಇದು ಹೋಗದಿದ್ದರೆ ಮುಂಗಡಕ್ಕೂ ಎಳ್ಳುನೀರು, ಮೋಟಾರಿಗೂ ಎಳ್ಳುನೀರು. ಆ ವಾರವಿಡೀ ಹೆಂಡತಿ ಆಚೆ ದಡದಲ್ಲಿರುವ ತನ್ನ ಹೊಲಿಗೆ ಅಂಗಡಿಗೆ ಕೆರೆ ಸುತ್ತಿಕೊಂಡು, ಕೆಸರು ತುಳಿದುಕೊಂಡು ನಡೆದೇ ಹೋಗಿದ್ದಳು. ಅದೇನು ದೊಡ್ಡ ವಿಷಯವೇ ಎಂಬುದು ಪ್ಲಂಬರಿನ ಅಭಿಪ್ರಾಯ.

ದೋಣಿ ಸೋರುತ್ತಿತ್ತು. ಇವತ್ತು ನಿನ್ನೆಯಿಂದಲ್ಲ, ವರ್ಷಗಳಿಂದ. ಯಾರದೋ ಮನೆಯ ನಲ್ಲಿ ತೊಟ್ಟಿಕ್ಕಿದರೆ ಅರ್ಧ ಊಟದಲ್ಲೇ ಕೈತೊಳೆದು ಓಡುವ ಈ ಮಹಾನುಭಾವ, ಹೆಂಡತಿ ಹೇಳಿದಾಗಲೆಲ್ಲ "ದೋಣಿ ಅಂದ್ಮೇಲೆ ನೀರು ಬರ್ದೆ ಇರುತ್ತೇನೇ? ಮರ ಹಳೇದು. ಅದು ಆಗೋ ಕೆಲಸ ಅಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ. ಅವನಿಗೇನು, ಕೆಲಸದ ಗಂಬೂಟು ಇತ್ತು. ಆಕೆ ದಾರಿಯುದ್ದಕ್ಕೂ ಡಬ್ಬದಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತ, ಅಂಗಡಿ ಸೇರಿದ ಮೇಲೆ ಕಾಲ್ಬೆರಳ ಸಂದಿಯ ಹುಣ್ಣಿಗೆ ಮುಲಾಮು ಹಚ್ಚಿಕೊಳ್ಳುತ್ತ ಕಾಲ ತಳ್ಳಿದ್ದಳು.

"ಬಾಯಿ ಬಿಟ್ಟೀಯ, ಹುಷಾರು" ಎಂದು ಅವಳ ಕಿವಿಯಲ್ಲಿ ಉಸುರಿ ಪ್ಲಂಬರು ಹುಟ್ಟು ಹಿಡಿದು ಕೂತ. ಆಕೆ ಬಾಯಿ ಬಿಡಲಿಲ್ಲ. ಚಪ್ಪಲಿ ಕಳಚಿ ಮಡಿಲಲ್ಲಿಟ್ಟುಕೊಂಡಳು, ಎರಡೂ ಕಾಲೆತ್ತಿ ಎದುರಿನ ಹಲಗೆಗೆ ಆನಿಸಿದಳು, ಆಮೇಲೆ ಕೂತಿದ್ದ ಹಲಗೆಯ ಅಡಿಗೆ ಕೈಹಾಕಿ ತಡಕಾಡತೊಡಗಿದಳು. ನೀರು ಮೊಗೆಯುವ ಡಬ್ಬ ಅಲ್ಲಿರಲಿಲ್ಲ. ಪ್ಲಂಬರು ಅದನ್ನು ಬೆಳಗ್ಗೆಯೇ ಪೊದೆಗೆ ಎಸೆದಿದ್ದ.

"ಅಕ್ಕ ಯಾಕೆ ಕಾಲು ಮೇಲಿಟ್ಕೊಂಡಿದ್ದಾರೆ?" ಔಷಧಿ ಅಂಗಡಿಯವನು ಕೇಳಿದ.

"ಅದಾ? ಹಾಗೆ ಕೂತ್ರೆ ರಕ್ತ ಚೆನ್ನಾಗಿ ಓಡಾಡುತ್ತೆ" ಎಂದ ಪ್ಲಂಬರು. ಔಷಧಿ ಮಾರುವವನಿಗೇ ವೈದ್ಯ ಹೇಳಲು ಹೊರಟಿದ್ದ.

"ಓಹೋ. ತಿಂಗಳು ತಿಂಗಳೂ ನನ್ನ ಅಂಗಡಿಯಿಂದ ಅಕ್ಕ ತಗೊಂಡು ಹೋಗ್ತಾರಲ್ಲ ಕಾಲಿನ ಮುಲಾಮು, ಅದೂ ರಕ್ತ ಓಡಾಡೋಕೇನಾ? ತಿರುಗಿಸಿ ದೋಣಿ. ಸೋರೋ ಮಾಲು ನಂಗೆ ಬೇಡ."

ಪ್ಲಂಬರು ಹುಟ್ಟು ಹಾಕುವುದನ್ನು ನಿಲ್ಲಿಸಿದ. ಎಂದೂ ಇಲ್ಲದೆ ಅವನ ಹತ್ತಿರ ಹೇಳಲು ಒಂದು ನಿಜವಿತ್ತು, ಅದನ್ನು ನಂಬುವವರೇ ಇರಲಿಲ್ಲ. "ಸೋರ್ತಿತ್ತು, ಒಪ್ಕೋತೀನಿ. ಈಗ ಸೋರಲ್ಲ. ಬೇಕಾದ್ರೆ ತಳ ಮುಟ್ಟಿ ನೋಡಿ. ಹಲಗೆ ಸಂದಿ ಪೂರ್ತಿ ಕೆರೆದು, ಹತ್ತಿ ತುರುಕಿ, ಟಾರು ಹಾಕಿ ಕೂರಿಸಿದ್ದೀನಿ. ಕೈಯಲ್ಲಿ ಕಸುಬಿರೋನಿಗೆ ಅದೇನು ಮಹಾ? ಒಂದು ಮಧ್ಯಾಹ್ನದ ಕೆಲಸ."

ಆಗಲೇ ನಡುಗೆರೆಗೆ ಬಂದಾಗಿತ್ತು. ಔಷಧಿ ಅಂಗಡಿಯವನು ಬಗ್ಗಿ ಮೂಲೆಮೂಲೆಗೂ ಬೆರಳಿಟ್ಟು ನೋಡಿದ. ಬೆರಳಿಗೆ ಪಸೆ ಕೂಡ ಹತ್ತಲಿಲ್ಲ. "ಪರವಾಗಿಲ್ಲ ರೀ. ತಗೋತೀನಿ" ಎಂದ. ಪ್ಲಂಬರಿನ ಕಿವಿಯಲ್ಲಿ ಮೋಟಾರು ಶುರುವಾಯಿತು.

ಹೆಂಡತಿ ಒಂದು ಕಾಲನ್ನು ಮೆಲ್ಲಗೆ ಕೆಳಗಿಟ್ಟಳು. ಸ್ವಲ್ಪ ಹೊತ್ತು ತಡೆದು ಇನ್ನೊಂದನ್ನೂ ಇಟ್ಟಳು. ಒಣಗಿದ ಹಲಗೆಯ ಮೇಲಿದ್ದ ತನ್ನ ಪಾದಗಳನ್ನೇ ನೋಡುತ್ತ ಕೂತಳು. ಕಣ್ಣಲ್ಲಿ ನೀರಾಡಿದ್ದನ್ನು ಕಂಡು ಪ್ಲಂಬರು ಖುಷಿಗಿರಬೇಕು ಎಂದುಕೊಂಡ.

"ಒಂದೇ ಮಧ್ಯಾಹ್ನನಾ?" ಕೇಳಿದಳು.

"ಅದೂ ಪೂರ್ತಿ ಅಲ್ಲ ಕಣೇ. ಟೀ ಹೊತ್ತಿಗೆಲ್ಲ ಮುಗಿದೇಹೋಗಿತ್ತು" ಎಂದ, ಕೊಳ್ಳುವವನಿಗೂ ಕೇಳಿಸಲಿ ಎಂದು ದನಿ ಎತ್ತರಿಸಿ.

ದೋಣಿ ದಡ ಮುಟ್ಟಿತು. ಗಂಡಸರಿಬ್ಬರೂ ವ್ಯಾಪಾರ ಮುಗಿಸಲು ಇಳಿದರು. ಆಕೆ ಇಳಿಯದೆ, ಗಂಡ ಕೂತಿದ್ದ ಜಾಗಕ್ಕೆ ಸರಿದು ಹುಟ್ಟು ಕೈಗೆತ್ತಿಕೊಂಡಳು.

"ತಮ್ಮ, ತಪ್ಪು ತಿಳ್ಕೋಬೇಡಿ. ಈ ದೋಣಿ ಮಾರೋಕಿಲ್ಲ. ಇಷ್ಟು ವರ್ಷ ನೀರಲ್ಲಿ ಕೂತಿದ್ದೆ, ಇನ್ನು ಸ್ವಲ್ಪ ದಿನ ದೋಣೀಲಿ ಕೂರ್ತೀನಿ."

ಔಷಧಿ ಅಂಗಡಿಯವನು ಒಮ್ಮೆ ಅವಳ ಕಾಲು ನೋಡಿದ, ಒಮ್ಮೆ ಪ್ಲಂಬರಿನ ಮುಖ ನೋಡಿದ. "ಆಯ್ತಕ್ಕ" ಎಂದಷ್ಟೇ ಹೇಳಿ ತನ್ನ ದಾರಿ ಹಿಡಿದ.

"ಏ, ಮುಂಗಡ ಹೋಗುತ್ತೆ ಕಣೇ" ಪ್ಲಂಬರು ನೀರಿನ ಅಂಚಿಗೆ ಓಡಿದ. "ಆಚೆ ದಡದಲ್ಲಿ ಕೆಲಸ ಬೇರೆ ಒಪ್ಕೊಂಡಿದ್ದೀನಿ. ನಾನು ಬರೋದು ಹೇಗೆ?"

ದೋಣಿ ಆಗಲೇ ದಡ ಬಿಟ್ಟಿತ್ತು. ಎರಡೂ ಪಾದ ತಳಕ್ಕೆ ಊರಿ ಆಕೆ ಜೋರಾಗಿ ಹುಟ್ಟು ಎಳೆಯುತ್ತಿದ್ದಳು.

"ಕೆರೆ ಸುತ್ತಿಕೊಂಡು ಬನ್ನಿ" ಎಂದಳು. "ಕೆಸರಿರುತ್ತೆ. ನಿಮಗೇನು, ಗಂಬೂಟಿದೆಯಲ್ಲ."