ಮುಚ್ಚಿದ ಬಾಗಿಲಿನ ಅಧ್ಯಾಯ

ತಂಗಿಯ ಹೊಸ ಕಾದಂಬರಿಯ ಹಸ್ತಪ್ರತಿಯನ್ನು ಹೊಲಿಗೆ ಯಂತ್ರದ ಮೇಲಿಟ್ಟು, ಅಕ್ಕ ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ಅಮ್ಮ ಕೊನೆಯುಸಿರೆಳೆಯುವಾಗ ಹಿರಿಮಗಳು ಆಸ್ಪತ್ರೆಯ ವಾರ್ಡಿನಿಂದ ಎದ್ದು ಹೋಗುವ ಅಧ್ಯಾಯವನ್ನು ಅವಳು ಆಗಷ್ಟೇ ಓದಿ ಮುಗಿಸಿದ್ದಳು.

"ಚೆನ್ನಾಗಿ ಬರ್ದಿದ್ದೀಯ ಕಣೇ. ಆ ಹಿರಿಮಗಳು ಕೈಗೆ ಸಿಕ್ಕಿದ್ರೆ ನಾನೇ ಎರಡು ಬಿಗೀತಿದ್ದೆ."

"ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಬರೆದಿಲ್ಲ ಅಕ್ಕ."

"ಬರೆದಿಲ್ಲ, ನಿಜ. ಆದ್ರೆ ನಾನು ಎದ್ದು ಹೋದಾಗ ನಿನ್ನ ಕಥೆ ಒಳಗೇ ಕೂತುಬಿಡ್ತು. ನನ್ನ ಹಿಂದೆ ನಾಲ್ಕು ಹೆಜ್ಜೆ ಬರಬಾರದಾಗಿತ್ತಾ?"

ತಂಗಿ ಹಸ್ತಪ್ರತಿಯನ್ನು ತನ್ನತ್ತ ಎಳೆದುಕೊಂಡಳು. ಆ ಅಧ್ಯಾಯದಲ್ಲಿ ಅವಳು ವಾರ್ಡಿನ ಮುಚ್ಚಿದ ಬಾಗಿಲನ್ನು ಮೂರು ಸಲ ತೋರಿಸಿದ್ದಳು, ಓದುವವರಿಗೆ ಹಿರಿಮಗಳ ಮೇಲೆ ಸಿಟ್ಟು ಬರಲೆಂದೇ ತೋರಿಸಿದ್ದಳು. ಅಮ್ಮ ಹೋದ ಈ ಹನ್ನೊಂದು ವರ್ಷಗಳಿಂದ ತಾನೂ ಆ ಬಾಗಿಲನ್ನೇ ನೋಡುತ್ತ ಕುಳಿತಿದ್ದೇನೆ ಎಂಬುದು ಈಗ ತಿಳಿಯಿತು. ತಿದ್ದಲೆಂದು ಪೆನ್ನಿನ ಮುಚ್ಚಳ ತೆಗೆದವಳು ಮತ್ತೆ ಮುಚ್ಚಿ ಪಕ್ಕಕ್ಕಿಟ್ಟಳು.

"ಬಾಗಿಲಾಚೆ ಏನ್ಮಾಡ್ತಿದ್ದೆ ಅಕ್ಕ?"

ಅಕ್ಕನ ಬೆರಳಿನಿಂದ ಟೇಪು ಬಿಚ್ಚಿಕೊಂಡು ಮಡಿಲಿಗೆ ಬಿತ್ತು.

"ಮೆಟ್ಟಿಲ ಮೇಲೆ ಕೂತಿದ್ದೆ. ಒಬ್ಬಳೇ ವಾಪಸ್ ಒಳಗೆ ಬರೋ ಧೈರ್ಯ ಇರ್ಲಿಲ್ಲ. ನೀನು ಬಂದು ಕರೀತೀಯ ಅಂತ ಕಾಯ್ತಾ ಇದ್ದೆ."