ಅಜ್ಜಿಯ ಹಣೆಯ ಶಾಯಿ ಗೆರೆ

ಶಾಯಿ ಕುಪ್ಪಿಯ ಮುಚ್ಚಳ ತೆಗೆದರೆ ಈಗಲೂ ಅಜ್ಜಿಯ ಹಣೆ ಕಣ್ಣ ಮುಂದೆ ಬರುತ್ತದೆ.

ಎಡಹಣೆಯಿಂದ ನೆತ್ತಿಯವರೆಗೆ ಉರಿಯುವ ನೀರುಗುಳ್ಳೆಗಳು ಎದ್ದಿದ್ದವು. "ಸರ್ಪಸುತ್ತು! ಸುತ್ತಿ ಬಂದು ತಲೆ ಬಾಲ ಕೂಡಿದ್ರೆ ನಾನು ಉಳಿಯುದಿಲ್ಲ" ಎಂದು ಅಜ್ಜಿ ಅಳುತ್ತಿದ್ದಳು. ಬಂಟ್ವಾಳದಿಂದ ಬಂದ ಡಾಕ್ಟರು ಅವಳ ಹಣೆಯ ನಟ್ಟನಡುವೆ ಪೆನ್ನಿನಿಂದ ಗೆರೆ ಎಳೆದರು. "ಸರ್ಪಸುತ್ತೇ ಹೌದು. ಗುಳ್ಳೆ ಒಂದೇ ಬದಿಯಲ್ಲಿ ಉಂಟಲ್ಲ, ಅದೇ ಗುರುತು. ಈ ಗೆರೆ ದಾಟುದಿಲ್ಲ ಅಮ್ಮಾ."

ಅಜ್ಜಿ ಆ ಗೆರೆಯನ್ನೇ ಮದ್ದೆಂದು ನಂಬಿದಳು. "ಮಾಸಿದ್ರೆ ಹಾವು ದಾಟ್ತದೆ, ಬೇಗ ಎಳೆ ಮಗಾ!" ದಿನಾ ಬೆಳಿಗ್ಗೆ ನಾನು ಶಾಲೆಯ ಪೆನ್ನು ಹಿಡಿದು ಓಡುತ್ತಿದ್ದೆ. ಒಂದೂ ಗುಳ್ಳೆ ದಾಟಿರುತ್ತಿರಲಿಲ್ಲ! ಹಾವನ್ನು ತಡೆದವಳು ನಾನೇ ಎಂದು ಅಂಗಳವಿಡೀ ಕುಣಿಯುತ್ತಿದ್ದೆ.

ವಾರ ಕಳೆದು ಬಂದ ಡಾಕ್ಟರು ನನ್ನ ದಪ್ಪ ಗೆರೆಯನ್ನು ನೋಡಿದರು. ನಗಲಿಲ್ಲ. ಕಿಸೆಯಿಂದ ಪೆನ್ನು ತೆಗೆದು, ಮಾಸಿದ ಕಡೆ ತಾವೇ ತಿದ್ದಿದರು.